ಹಾಜರಾಬಿ ಮಲಗಿದ ಗಾದಿ

ಹಾಜರಾಬಿಗೆ ಮನೆ ಎಂಬುದು ಮಳೆಗಾಲದ ಮಾತು. ಮಳೆ ಹಿಡಿದು ಹತ್ತಿ ನೀರುಂಡು ಭಾರವಾದರೆ ಪಿಂಜಾರರ ಬಿಲ್ಲಿಗೆ ಕೆಲಸವಿಲ್ಲ. ಆಗ ಅವಳೂ ಗಂಡ ಗುಲಾಬಸಾಬನೂ ಹಳೇ ಹುಬ್ಬಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ, ಸೋರುವ ಮೂಲೆ ಬಿಟ್ಟು ಮಿಕ್ಕ ಮೂಲೆಗಳಲ್ಲಿ ದಿನ ಕಳೆಯುತ್ತಿದ್ದರು. ದಸರೆ ಮುಗಿದು ಗಾಳಿ ಒಣಗಿತೆಂದರೆ ಕೋಣೆಯ ಕೀಲಿಯನ್ನು ಮಾಲಕನ ಕೈಗೆ ಕೊಟ್ಟು ಚಕ್ಕಡಿ ಹೂಡುವುದೇ. ಮುಂದಿನ ಮಳೆಯ ತನಕ ಚಕ್ಕಡಿಯೇ ಮನೆ, ಚಕ್ಕಡಿ ನಿಂತದ್ದೇ ಊರು.

ಚಕ್ಕಡಿಯ ಮೇಲೆ ಬಿದಿರು ಬಾಗಿಸಿ ಕಮಾನು ಕಟ್ಟಿ ಗೋಣಿತಟ್ಟು ಹೊದಿಸಿದ್ದರು. ಹೊರಗೆ ಬದಿಯಲ್ಲಿ ಹತ್ತಿ ಹಿಂಜುವ ಉದ್ದನೆಯ ಬಿಲ್ಲು, ಅದರ ನರದ ಹೆದೆಯನ್ನು ಬಡಿಯುವ ಮರದ ಗುಂಡು. ಒಳಗೆ ಎರಡು ಪಾತ್ರೆ, ಹಿಟ್ಟಿನ ಡಬ್ಬಿ, ಹೊಲಿಯುವ ದಬ್ಬಣಗಳ ಚೀಲ, ಹಾಸಿಗೆ. ಸಂಜೆಯಾದಾಗ ಎಲ್ಲಿ ಬಾವಿಯೂ ಮರವೂ ಎತ್ತು ಕಟ್ಟಲು ಬಯಲೂ ಸಿಕ್ಕುವುದೋ ಅಲ್ಲಿ ವಸ್ತಿ. ಪುಣೆ–ಬೆಂಗಳೂರು ರಸ್ತೆಯ ಆಸುಪಾಸಿನಲ್ಲಿ ಅಂಥ ಜಾಗಗಳನ್ನು ಚಕ್ಕಡಿಯವರೆಲ್ಲ ಬಲ್ಲರು. ಗಬ್ಬೂರಿನ ಹುಣಸೆಮರಗಳು, ನವಲೂರಿನ ಪೇರಲ ತೋಟದ ಬೇಲಿಯಂಚು, ಕೆಲಗೇರಿ ಕೆರೆಯ ದಂಡೆ, ಧಾರವಾಡದ ಆಚೆಯ ಬೇಲೂರು ದಾಟಿದ ಮೇಲಿನ ಬಯಲು. ಹೊತ್ತು ಮುಳುಗುವಾಗ ಒಂದೊಂದೇ ಚಕ್ಕಡಿ ಬಂದು ನೊಗ ಇಳಿಸುತ್ತಿತ್ತು. ಉಪ್ಪು ತರುವವರು, ಮೆಣಸಿನಕಾಯಿ ಒಯ್ಯುವವರು, ಜಿನ್ನಿಂಗ್ ಗಿರಣಿಗೆ ಅರಳೆ ಹೇರಿದವರು. ಒಬ್ಬರ ಒಲೆಯ ಬೆಂಕಿ ಇನ್ನೊಬ್ಬರ ಒಲೆಗೆ ಹೋಗುತ್ತಿತ್ತು. ಬೆಳಗಾದರೆ ಯಾರ ಹೆಸರೂ ಯಾರಿಗೂ ಬೇಕಿರಲಿಲ್ಲ.

ಊರೊಳಗೆ ಗಾದಿ ಹಿಂಜಲು ಕೊಡುವ ಮನೆಯ ಕಟ್ಟೆಯ ಮೇಲೆ ಕುಳಿತಾಗ ಗುಲಾಬಸಾಬ ಒಂದು ಮಾತು ಕೇಳದೆ ಗಾದಿಯ ಹೊಲಿಗೆ ಬಿಚ್ಚುತ್ತಿರಲಿಲ್ಲ.

“ಇದರ ಮ್ಯಾಲೆ ಮಲಗಿದವರು ಆರಾಮ ಅದಾರಿಲ್ರಿ?”

ಇದು ಅವನ ಅಪ್ಪ, ಅಜ್ಜ ಕೇಳುತ್ತಿದ್ದ ಮಾತು. ಜೀವ ಹೋದ ಹಾಸಿಗೆಯ ಹತ್ತಿಯನ್ನು ಮತ್ತೊಬ್ಬರು ಮಲಗುವ ಗಾದಿಗೆ ತುಂಬಬಾರದು. ಅದನ್ನು ಬೇರೆ ತೆಗೆದು ಎತ್ತಿನ ಹೆಗಲಿಗೆ ನೊಗ ತಿಕ್ಕದಂತೆ ಇಡುವ ಮೆತ್ತೆಗೆ ಹಾಕುತ್ತಿದ್ದರು. ಮನೆಯವರು ಹತ್ತಿ ಉಳಿಸಿಕೊಳ್ಳುವ ಆಸೆಗೆ ಸುಳ್ಳು ಹೇಳಿದರೂ ಗುಲಾಬಸಾಬ ಹೇಗೋ ಹಿಡಿಯುತ್ತಿದ್ದ. “ಸಾವ್ಕಾರ್ತಿ, ನಿಮ್ಮ ಮಾವನವರು ಕಾಣವಲ್ರಲ್ಲ” ಎಂದು ಮೆಲ್ಲಗೆ ಅಂದು ಗಾದಿಯನ್ನು ಬದಿಗೆ ಸರಿಸುತ್ತಿದ್ದ. ಈ ಒಂದು ನೇಮಕ್ಕಾಗಿಯೇ ಧಾರವಾಡದ ಸುತ್ತಲಿನ ಮನೆಗಳು ಬೇರೆ ಪಿಂಜಾರರನ್ನು ಬಿಟ್ಟು ಅವನಿಗಾಗಿ ಕಾಯುತ್ತಿದ್ದವು. ಮದುವೆಯ ಗಾದಿ, ಬಾಣಂತಿಯ ಗಾದಿ ಎಂದರೆ ಗುಲಾಬಸಾಬನೇ ಆಗಬೇಕು.

ಗಂಡ ಹಿಂಜಿದ ಮೇಲೆ ಕಟ್ಟೆಯಲ್ಲಿ ಉಳಿದ ಎಳೆಗಳನ್ನೂ ಗೋಡೆಗೆ ಹಾರಿ ಕೂತ ನವಿರನ್ನೂ ಗುಡಿಸಿಕೊಳ್ಳುವುದು ಹಾಜರಾಬಿಯ ಪಾಲು. ಅದನ್ನೇ ತುಂಬಿ ತುಂಬಿ ಅವರ ಚಕ್ಕಡಿಯ ಹಾಸಿಗೆ ಆಗಿತ್ತು. ಯಾವುದೋ ವಕೀಲರ ಮನೆಯದು ಒಂದು ಹಿಡಿ, ಯಾವುದೋ ಗೌಡರ ಮನೆಯದು ಒಂದು ಹಿಡಿ. ಆ ಹಾಸಿಗೆಯ ಮೇಲೆ ಅವಳಿಗೆ ತನ್ನವಲ್ಲದ ಕನಸುಗಳು ಬೀಳುತ್ತಿದ್ದವು. ತಾನು ಎಂದೂ ಕಾಣದ ಅಟ್ಟಕ್ಕೆ ಏಣಿ ಹತ್ತುತ್ತಿದ್ದಳು. ಹೆಸರು ತಿಳಿಯದ ಒಬ್ಬ ಮುದುಕ ಅವಳನ್ನು ಮಗಳೇ ಎಂದು ಕರೆದು ನೀರು ಕೇಳುತ್ತಿದ್ದ. ಬೆಳಗ್ಗೆ ಎದ್ದು ಗಂಡನಿಗೆ ಹೇಳಿದರೆ ಅವನು ನಗುತ್ತಿದ್ದ.

“ಊರ ಮಂದಿ ನಿದ್ದಿ ಪುಕ್ಕಟೆ ಸಿಕ್ಕೈತಿ ನಿನಗ. ಅದರಾಗೂ ತಕರಾರು ತಗೀತಿ.”

ಅವರಿಗೆ ಒಬ್ಬಳೇ ಮಗಳು, ನೂರಜಹಾನ. ನೂರಿ ಎಂದು ಕರೆಯುತ್ತಿದ್ದರು. ಅವಳು ಹುಟ್ಟಿದ್ದು ಬೇಸಿಗೆಯಲ್ಲಿ, ಬೇಲೂರಿನ ಬಯಲಿನಲ್ಲಿ, ಇದೇ ಚಕ್ಕಡಿಯೊಳಗೆ. ಅವಳಿಗೆಂದು ಗುಲಾಬಸಾಬ ಹೊಸ ಅರಳೆ ಕೊಂಡು ತಂದು ಒಂದು ಚಿಕ್ಕ ಗಾದಿ ಹೊಲಿದಿದ್ದ. ತಂದೆತಾಯಿಯ ಹಾಸಿಗೆಯಂತೆ ಅದರಲ್ಲಿ ಬೇರೆಯವರ ಎಳೆ ಒಂದೂ ಇರಲಿಲ್ಲ. ವರ್ಷಕ್ಕೊಮ್ಮೆ ಅದಕ್ಕೆ ಒಂದು ಗೇಣು ಉದ್ದ ಕೂಡಿಸುತ್ತಿದ್ದ. ಮಾತು ಕಲಿತ ಮೇಲೆ ನೂರಿಗೆ ಒಂದೇ ಹಂಬಲ ಹತ್ತಿತು. ತಾಯಿ ಕಟ್ಟೆಯ ಮೇಲೆ ಹೊಲಿಗೆ ಹಾಕುತ್ತಿದ್ದರೆ ಇವಳು ಬಾಗಿಲ ಚೌಕಟ್ಟು ಹಿಡಿದು ಒಳಗೆ ಇಣುಕುತ್ತಿದ್ದಳು.

“ಯವ್ವಾ, ಇವರ ಮನ್ಯಾಗ ರಾತ್ರಿ ಚುಕ್ಕಿ ಕಾಣಂಗಿಲ್ಲೇನ?”

“ಇಲ್ಲ.”

“ಮತ್ತ ಏನ ನೋಡಕೋತ ಮಲಗತಾರ?”

“ತೊಲಿ ನೋಡಕೋತ.”

“ನಾನೂ ತೊಲಿ ನೋಡಕೋತ ಮಲಗತೇನಿ.”

“ಮಳಿಗಾಲಕ್ಕ ಮಲಗೀಯಂತ ಬಾ.”

“ಅದು ಸೋರತೈತಿ. ಅದು ಮನಿ ಅಲ್ಲ.”

ಆ ವರ್ಷ ಚಳಿ ತಿರುಗುವ ಹೊತ್ತಿಗೆ ಗಬ್ಬೂರಿನ ವಸ್ತಿಯಲ್ಲಿ ನೂರಿಗೆ ಜ್ವರ ಬಂತು. ಹುಬ್ಬಳ್ಳಿ ಕೂಗಳತೆಯಲ್ಲೇ ಇತ್ತು. ಗುಲಾಬಸಾಬ ಹೋಗಿ ಔಷಧ ತಂದ. ಜ್ವರ ಇಳಿಯಿತು, ಮತ್ತೆ ಏರಿತು. ಏರಿದ್ದು ಇಳಿಯಲಿಲ್ಲ. ಅಲ್ಲಿಯ ಖಬರಸ್ತಾನದ ಮೂಲೆಯಲ್ಲಿ ಮಣ್ಣು ಮಾಡಿದರು. ವಸ್ತಿಗೆ ಬಂದಿದ್ದ ಚಕ್ಕಡಿಯವರೇ, ಯಾವ ಯಾವ ಊರಿನವರೋ, ಹೆಗಲು ಕೊಟ್ಟರು.

ಮಣ್ಣು ಮಾಡಿ ಬಂದ ಮರುದಿನ ಹಾಜರಾಬಿ ಚಿಕ್ಕ ಗಾದಿಗಾಗಿ ಕೈ ಚಾಚಿದರೆ ಅದು ಇರಲಿಲ್ಲ.

“ನೂರಿ ಗಾದಿ ಎಲ್ಲೈತ್ರಿ?”

“ತಗದಿಟ್ಟೇನಿ.”

“ಎಲ್ಲಿ?”

“ಇರಲಿ ಬಿಡು ಈಗ.”

ಅವಳು ಬಿಟ್ಟಳು. ಆದರೆ ನಿದ್ದೆ ಅವಳನ್ನು ಬಿಟ್ಟುಹೋಯಿತು. ನವಲೂರಿನಲ್ಲಿ, ಬೇಲೂರಿನಲ್ಲಿ, ಎಲ್ಲಿ ನೊಗ ಇಳಿಸಿದರೂ ಅವಳು ಕಮಾನಿನ ಕೆಳಗೆ ಕಣ್ಣು ತೆರೆದು ಮಲಗಿರುತ್ತಿದ್ದಳು. ಆ ಗಾದಿಯ ಮೇಲೆ ಒಮ್ಮೆ ತಲೆ ಇಟ್ಟರೆ ನಿದ್ದೆ ಬಂದೀತು ಎಂದು ಅವಳ ಮನಸ್ಸು ಹಟ ಹಿಡಿದು ಕೂತಿತು. ಸುತ್ತಲೂ ಎತ್ತುಗಳು ಮೆಲುಕು ಹಾಕುವ ಸಪ್ಪಳ. ಆ ಸಪ್ಪಳದ ನಡುವೆ ಒಂದೊಂದು ಸಲ ಹಾಸಿಗೆಯ ತನ್ನ ಬದಿಯಲ್ಲಿ ಯಾರೋ ಸಣ್ಣವರು ಹೊರಳಿದಂತೆ ಹತ್ತಿ ಒತ್ತುತ್ತಿತ್ತು. ತಿರುಗಿ ಕೈ ಇಟ್ಟರೆ ಏನೂ ಇಲ್ಲ. ಬೆಚ್ಚಗೆ ಮಾತ್ರ ಇರುತ್ತಿತ್ತು. ತನ್ನ ಮೈಯ ಬಿಸಿಯೇ ಇದ್ದೀತು ಎಂದುಕೊಳ್ಳುತ್ತಿದ್ದಳು.

ಒಂದು ದಿನ ಗುಲಾಬಸಾಬ ಸಂತೆಗೆ ಹೋದಾಗ ಅವಳು ಎತ್ತಿನ ಮೆತ್ತೆಗಳೆರಡನ್ನೂ ಬಿಚ್ಚಿ ನೋಡಿದಳು. ಬೆವರು ಕುಡಿದು ಕಪ್ಪಾದ ಹಳೇ ಹತ್ತಿ, ಅಷ್ಟೇ. ಮತ್ತೆ ಹೊಲಿದಿಟ್ಟಳು. ಹೊಲಿಗೆ ಬದಲಾದದ್ದನ್ನು ಗುಲಾಬಸಾಬ ಕಂಡ. ಮಳೆಗಾಲ ಬಂತು, ಹೋಯಿತು. ಹಳೇ ಹುಬ್ಬಳ್ಳಿಯ ಕೋಣೆಯಲ್ಲೂ ಅವಳು ಮಲಗಲಿಲ್ಲ.

ದಸರೆಯ ನಂತರ ಚಕ್ಕಡಿ ಹೂಡಿದ ಮೊದಲ ಸಂಜೆ ನವಲೂರಿನ ಬೇಲಿಯಂಚಿನಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಗುಲಾಬಸಾಬ ಒಲೆಯ ಎದುರು ಕುಳಿತು ಅವಳ ಮುಖವನ್ನೇ ನೋಡುತ್ತಿದ್ದ. ಬೆಂಕಿಯ ಬೆಳಕಿನಲ್ಲಿ ಅವಳ ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಆಳವಾಗಿ ಕಂಡಿರಬೇಕು.

“ಮೆತ್ತಿ ಬಿಚ್ಚಿ ನೋಡಿದೆಲ್ಲ ನೀನು” ಅಂದ.

ಅವಳು ರೊಟ್ಟಿ ತಿರುವಿ ಹಾಕಿದಳು.

“ಎತ್ತಿನ ಹೆಗಲ ಮ್ಯಾಲೆ ಹಾಕಾಕ ನನಗ ಕೈ ಬರಲಿಲ್ಲ, ಹಾಜರಾ. ಸುಡಾಕೂ ಬರಲಿಲ್ಲ.”

“ಮತ್ತ?”

“ಕೆಲಗೇರಿ ಫಕ್ರುಸಾಬರ ಮನಿಗೆ ಗಾದಿ ಮಾಡಿ ಕೊಟ್ವೆಲ್ಲ ಆಗ, ಮಗಳ ಬಾಣಂತನಕ್ಕಂತ. ಅದರಾಗ ಕೂಡಿಸಿದೆ.”

ಹಾಜರಾಬಿಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ರೊಟ್ಟಿ ಹೆಂಚಿನ ಮೇಲೆ ಕರಕಲಾಗಿತ್ತು. ಊರೂರಲ್ಲಿ ಕೇಳಿ ಕೇಳಿ ಗಾದಿ ಬಿಚ್ಚುತ್ತಿದ್ದ ಮನುಷ್ಯ, ಸತ್ತವರ ಹತ್ತಿಯನ್ನು, ಬಾಣಂತಿಯ ಕೆಳಗೆ, ಹುಟ್ಟುವ ಕೂಸಿನ ಕೆಳಗೆ.

“ಯಾಕ ಮಾಡಿದ್ರಿ?”

“ಅಲ್ಲಿ ಗಟ್ಟಿ ತೊಲಿ ಅದಾವು” ಅಂದ ಗುಲಾಬಸಾಬ. “ಮನ್ಯಾಗ ಮಲಗಲಿ ಅಂದೆ.”

ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ. ಬೆಳಗ್ಗೆ ಹಾಜರಾಬಿ ತಾನೇ ಎತ್ತುಗಳ ಹಗ್ಗ ಬಿಚ್ಚಿ ನೊಗಕ್ಕೆ ತಂದಳು. ಗುಲಾಬಸಾಬ ಚಕ್ಕಡಿಯನ್ನು ಕೆಲಗೇರಿಯ ದಾರಿಗೆ ತಿರುಗಿಸಿದ.

ಫಕ್ರುಸಾಬ ಇದ್ದಲಿ ವ್ಯಾಪಾರಿ. ಕೆಲಗೇರಿಯ ಕೆರೆಗೆ ಮುಖ ಮಾಡಿದ ಗಟ್ಟಿಮುಟ್ಟಾದ ಮನೆ. ಅವನ ಕೈಯ ಗೆರೆಗಳಲ್ಲಿ ಕರಿ ಕೂತು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮನೆಯೊಳಗೆ ಅವರು ದಖನಿ ಮಾತಾಡಿದರೂ ಪಿಂಜಾರರೊಂದಿಗೆ ಕನ್ನಡವೇ. ಚಕ್ಕಡಿ ಕಂಡು ಫಕ್ರುಸಾಬ ಕಟ್ಟೆಯಿಂದಲೇ ಕೂಗಿದ.

“ಬಾರಪಾ ಗುಲಾಬಾ. ಬಿಳೀದು ಮಾರವ ಬಂದಿ, ಕರೀದು ಮಾರವನ ಕೂಡ ದೂರದಿಂದ ಮಾತಾಡು. ನನ್ನ ಕೈ ತಾಗಿದರ ನಿನ್ನ ಗಾದಿ ಕರಡಿ ಆಗತೈತಿ.”

“ನಿಮ್ಮ ಕೈ ತಾಗಿದ್ರ ರೇಟು ಜಾಸ್ತಿ ಆಗತೈತ್ರಿ ಸಾವ್ಕಾರ್ರ” ಎಂದ ಗುಲಾಬಸಾಬ. ದನಿಯಲ್ಲಿ ನಗು ಇರಲಿಲ್ಲ.

ಹಾಜರಾಬಿ ಕೂಸನ್ನು ನೋಡುವ ನೆಪದಲ್ಲಿ ಒಳಗೆ ಹೋದಳು. ನಡುಮನೆಯ ಮಂಚದ ಮೇಲೆ ಗಾದಿ. ಅವಳೇ ಅಂಚು ಹೊಲಿದ ಗಾದಿ. ನೀಲಿ ಪಟ್ಟೆಯ ಬಟ್ಟೆ, ಮೂಲೆಗಳಲ್ಲಿ ಅವಳ ಅಡ್ಡ ಹೊಲಿಗೆ. ಹೊಲಿಯುವಾಗ ಅವಳಿಗೆ ತಿಳಿದಿರಲಿಲ್ಲ. ಅದರ ಮೇಲೆ ಕೂಸು ಅಂಗಾತ ಮಲಗಿ ಮೇಲೆ ನೋಡಿ ಕೈಕಾಲು ಬಡಿಯುತ್ತಿತ್ತು. ಫಕ್ರುಸಾಬನ ಮಗಳು ಮಾಬೂಬಿ ಬದಿಗೆ ಕುಳಿತಿದ್ದಳು. ಇನ್ನೂ ಹುಡುಗಿ ಮುಖ, ಅರ್ಧ ನಿದ್ದೆಯ ಕಣ್ಣು.

“ಬರ್ರಿ ಚಾಚಿ. ನಮ್ಮ ಹುಚ್ಚಿನ್ನ ನೋಡ್ರಿ. ನನ್ನ ನೋಡಿ ನಗಂಗಿಲ್ಲ, ಅವರಪ್ಪ ಬಂದ್ರ ನಗಂಗಿಲ್ಲ. ತೊಲಿ ನೋಡಿ ನಗತಾಳ. ಇಡೀ ದಿನ ಅದ ಕೆಲಸ. ಅಲ್ಲಿ ಯಾರರ ಕುಂತಾರೇನೋ ಅನ್ನಂಗ.”

ಹಾಜರಾಬಿ ತಲೆ ಎತ್ತಿ ತೊಲೆ ನೋಡಿದಳು. ಸಾಗುವಾನಿಯ ಹಳೇ ತೊಲೆ, ಒಂದು ಕಬ್ಬಿಣದ ಕೊಂಡಿ, ಜೇಡರ ಬಲೆಯ ಒಂದು ಎಳೆ. ಅವಳು ಮಂಚದ ಕಾಲು ಹಿಡಿದು ಕುಳಿತುಬಿಟ್ಟಳು. ಅಂಗೈ ಗಾದಿಯ ಮೇಲೆ ಊರಿತು. ಹತ್ತಿ ಮೆಲ್ಲಗೆ ತಗ್ಗಿ ಅವಳ ಕೈಯನ್ನು ಒಳಗೆ ತೆಗೆದುಕೊಂಡಿತು.

“ಈ ಗಾದಿ ಹಿಂಜಿ ಹೊಸದು ಮಾಡಿಕೊಡ್ತೇವಿ” ಎಂದು ಅವಳ ಬಾಯಿ ತಾನಾಗಿ ಅಂದಿತು. “ನಮ್ಮ ಕೈಗೆ ಕೊಡ್ರಿ.”

“ಹೊಸದ ಐತೆಲ್ಲ ಚಾಚಿ. ಒಂದು ಗಂಟಿಲ್ಲ ಇದರಾಗ. ನಾಡಿದ್ದ ನಾ ಗಂಡನ ಮನಿಗೆ ಹೊಂಟೇನಿ, ತಡಸಕ್ಕ. ಗಾದಿ ನನ್ನ ಕೂಡ ಬರತೈತಿ. ಆ ಮನ್ಯಾಗ ಚಾಪಿ ಮ್ಯಾಲೆ ಮಲಗಸ್ತಾರ, ನಮ್ಮ ಅತ್ತಿ ಭಾಳ ಗಟ್ಟಿ ಹೆಣಮಗಳು.”

ತಡಸ ಹುಬ್ಬಳ್ಳಿಯ ಆಚೆ, ಅವರ ಚಕ್ಕಡಿ ಎಂದೂ ಹೋಗದ ಊರು. ಅಲ್ಲಿಗೆ ಹೋದರೆ ಗಾದಿ ಇನ್ನು ಕಣ್ಣಿಗೆ ಬೀಳದು. ಹಾಜರಾಬಿ ಹೊರಗೆ ಬಂದಾಗ ಫಕ್ರುಸಾಬ ಅದೇ ಮಾತಿನಲ್ಲಿದ್ದ.

“ಮೋಟಾರದವ ಗಾದಿ ಮ್ಯಾಲೆ ಕಟ್ಟಾಕ ಒಲ್ಲೆ ಅಂದ. ಹಂಗ ಕೂಸಿನ್ನ ಆ ಹೊಗಿಯಾಗ ಒಯ್ಯಾಕ ನನಗೂ ಮನಸಿಲ್ಲ. ಒಂದ ಛಲೋ ಚಕ್ಕಡಿ ನೋಡಬೇಕು.”

“ನಮ್ಮದು ಐತಲ್ರಿ” ಎಂದಳು ಹಾಜರಾಬಿ.

ಗುಲಾಬಸಾಬ ಅವಳತ್ತ ತಿರುಗಿದ. ಅವಳು ಅವನತ್ತ ನೋಡಲಿಲ್ಲ.

ಹೊರಟ ದಿನ ತಮ್ಮ ಹಾಸಿಗೆಯನ್ನು ಸುತ್ತಿ ಚಕ್ಕಡಿಯ ಕೆಳಗೆ ಕಟ್ಟಿ, ನೀಲಿ ಪಟ್ಟೆಯ ಗಾದಿಯನ್ನು ಒಳಗೆ ಹಾಸಿದರು. ಅದು ಮಂಚದ ಅಳತೆಯದು. ಚಕ್ಕಡಿಗೆ ಅಗಲವಾಗಿ ಅಂಚು ಬದಿಯ ತಟ್ಟಿಗೆ ಏರಿತು. ಮಾಬೂಬಿ, ಕೂಸು, ಹಾಜರಾಬಿ ಮೇಲೆ. ಫಕ್ರುಸಾಬ ಮುಂದೆ ಗುಲಾಬಸಾಬನ ಬದಿಗೆ ಕುಳಿತು ದಾರಿಯುದ್ದಕ್ಕೂ ಮಾತಾಡಿದ. ಇದ್ದಲಿಯಿಂದ ಮೋಟಾರು ಓಡಿಸುವ ಕಾಲ ಬರುತ್ತದಂತೆ, ಆಗ ಈ ಮೋಟಾರದವರೆಲ್ಲ ತನ್ನ ಕಾಲಿಗೆ ಬೀಳುತ್ತಾರಂತೆ. ಹಾಜರಾಬಿಯ ಸೊಂಟದ ಚೀಲದಲ್ಲಿ ಹೊಲಿಗೆ ಬಿಚ್ಚುವ ಚಿಕ್ಕ ಚೂರಿ ಇತ್ತು. ನಡುವೆ ಎಲ್ಲಾದರೂ ಒಂದು ಬದಿ ಬಿಚ್ಚಿ ತನ್ನ ಮಗಳದ್ದನ್ನು ತೆಗೆದುಕೊಂಡು ಮತ್ತೆ ಹೊಲಿದರೆ ಯಾರಿಗೂ ತಿಳಿಯದು ಎಂದು ಎಣಿಸಿದ್ದಳು. ತೆಗೆದದ್ದು ಒಂದು ತಲೆದಿಂಬಿನಷ್ಟು ಆದರೆ ಸಾಕಿತ್ತು.

ಹುಬ್ಬಳ್ಳಿ ದಾಟುವಾಗ ಹೊತ್ತು ಇಳಿಯಿತು. ಗಬ್ಬೂರಿನ ಹುಣಸೆಮರಗಳು ಬಂದರೂ ಗುಲಾಬಸಾಬ ಎತ್ತುಗಳನ್ನು ನಿಲ್ಲಿಸಲಿಲ್ಲ. ನೂರಿ ಹೋದಂದಿನಿಂದ ಅವರು ಅಲ್ಲಿ ವಸ್ತಿ ಮಾಡಿರಲಿಲ್ಲ.

“ಏ, ಎಲ್ಲಿಗೆ ಹೊಡೀತಿ?” ಎಂದ ಫಕ್ರುಸಾಬ. “ಬಾವಿ ಐತಿ, ಮರ ಅದಾವು, ನಾಕ ಚಕ್ಕಡಿ ಇಳದಾವು. ಕೂಸು ಹಸದೈತಿ. ಇಳಸು.”

“ಮುಂದ ಛಲೋ ಜಾಗಾ ಐತ್ರಿ.”

“ಮುಂದ ಕತ್ತಲಿ ಐತಿ.”

ಗುಲಾಬಸಾಬ ಹಿಂತಿರುಗಿ ಹೆಂಡತಿಯನ್ನು ನೋಡಿದ. “ಇಳಸ್ರಿ” ಎಂದಳು ಹಾಜರಾಬಿ.

ಹುಣಸೆಯ ಕೆಳಗೆ ಶಾಂತಯ್ಯನೆಂಬ ಮೆಣಸಿನಕಾಯಿ ಚಕ್ಕಡಿಯವನು ಇಳಿದಿದ್ದ. ವರ್ಷಗಳಿಂದ ಅವರ ಗುರುತು ಇದ್ದವನು. ಅವನೂ ಅಂದು ಮಣ್ಣಿಗೆ ಬಂದಿದ್ದ. ಅವರ ಚಕ್ಕಡಿ ಕಂಡು ಎದ್ದು ನಿಂತ, ಏನೋ ಅನ್ನಹೋಗಿ ಬಿಟ್ಟ. ಕಡೆಗೆ, “ಹಾಜರವ್ವಾ, ನಮ್ಮ ಒಲಿ ಬೆಂಕಿ ತಗೊಂಡ ಹೋಗು” ಎಂದಷ್ಟೇ ಅಂದು, ತನ್ನ ನೀರಿನ ಕೊಡವನ್ನೂ ತಂದಿಟ್ಟುಹೋದ.

ಕೂಸು ಅಳತೊಡಗಿತು. ಹಾಲಿಗೆ ಸುಮ್ಮನಾಗಲಿಲ್ಲ, ತೂಗಿದರೂ ಸುಮ್ಮನಾಗಲಿಲ್ಲ. ಮೇಲೆ ಗೋಣಿತಟ್ಟಿನ ಕಮಾನು ನೋಡುವುದು, ಮುಖ ಹೊರಳಿಸುವುದು, ಅಳುವುದು.

“ತೊಲಿ ಎಲ್ಲೈತಿ ಅಂತ ಕೇಳಾಕತ್ತಾಳ” ಎಂದು ಮಾಬೂಬಿ ಸೋತು ನಕ್ಕಳು. “ಚಾಚಿ, ನನ್ನ ಕಣ್ಣು ಮುಚ್ಚಿ ಬರಾಕತ್ತಾವ. ನಾ ಮಲಗಿದ್ರ ಕೂಸಿನ ಮ್ಯಾಲೆ ಹೊಳ್ಳಿಬಿಡತೇನಿ. ನೀವು ನಡುವ ಮಲಗ್ರಿ.”

ಹಾಜರಾಬಿ ಗಾದಿಯ ಮೇಲೆ ಕಾಲು ಮಡಚಿ ಮಲಗಿದಳು. ಕೂಸನ್ನು ಎದೆಗೆ ಆನಿಸಿಕೊಂಡಳು. ನೂರಿಯ ಜ್ವರದ ದಿನಗಳಲ್ಲಿ ಇದೇ ಮರದ ಕೆಳಗೆ, ಇದೇ ಕಮಾನಿನೊಳಗೆ, ಹೀಗೆಯೇ ಮಲಗಿದ್ದಳು. ಕೂಸು ಅಳು ನಿಲ್ಲಿಸಿತು. ಮಾಬೂಬಿಯ ಉಸಿರು ಭಾರವಾಯಿತು. ಹೊರಗೆ ಫಕ್ರುಸಾಬನ ಮಾತೂ ನಿಂತಿತು.

ಅವಳು ಚೂರಿ ತೆಗೆದು ತನ್ನದೇ ಹೊಲಿಗೆಯನ್ನು ಗೇಣಷ್ಟು ಬಿಚ್ಚಿದಳು. ಮೊಣಕೈ ತನಕ ಕೈ ಒಳಗೆ ಹಾಕಿ ಹುಡುಕಿದಳು. ಎಲ್ಲೋ ಒಂದು ಕಡೆ ಗಟ್ಟಿಯಾಗಿ, ಬೇರೆಯಾಗಿ ಇದ್ದೀತು, ಬೆರಳಿಗೆ ತಿಳಿದೀತು. ಏನೂ ತಿಳಿಯಲಿಲ್ಲ. ಗಂಡನ ಬಿಲ್ಲು ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಎಳೆ ಎಳೆಯಾಗಿ ಬಿಡಿಸಿ, ಹೊಸ ಅರಳೆಯೊಂದಿಗೆ ಗಾಳಿಯಲ್ಲಿ ಹಾರಿಸಿ, ಬೆರೆಸಿಟ್ಟಿತ್ತು. ಒಂದು ಹಿಡಿ ಹಿಡಿದರೆ ಅದು ನೂರಿಯದೇ, ಅಲ್ಲವೇ, ಹೇಳಲು ಬಾರದು. ಇಡೀ ಗಾದಿಯೇ ಮಗಳು, ಅಥವಾ ಎಲ್ಲಿಯೂ ಇಲ್ಲ.

ಕೈ ಒಳಗಿರುವಂತೆಯೇ ಅವಳು ಮಲಗಿದಳು. ಒಳಗೆ ಬೆಚ್ಚಗಿತ್ತು. ಈ ಬಿಸಿ ತನ್ನ ಮೈಯದ್ದಲ್ಲ ಎಂದುಕೊಳ್ಳುತ್ತಿರುವಾಗಲೇ ಅವಳಿಗೆ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ಬೆಳಕಿಗೆ. ಆದರೆ ಕಣ್ಣು ತೆರೆಯಲಿಲ್ಲ. ಎದೆಯ ಬಳಿ ಕೂಸು ಇರಲಿಲ್ಲ. ಹೊರಗೆ ಫಕ್ರುಸಾಬನ ದನಿ ತಗ್ಗಿದ ಸಿಟ್ಟಿನಲ್ಲಿ ನಡುಗುತ್ತಿತ್ತು.

“ಗಾದ್ಯಾಗ ಏನ ಇಟ್ಟೀರಿ ನೀವು? ಖರೇ ಹೇಳು. ಚೂರಿ ಹಾಕಿ ಸೀಳಿ, ಕೈ ಒಳಗ ಹಾಕ್ಕೊಂಡು ಮಲಗ್ಯಾಳ. ನನ್ನ ಮಗಳು ಎದ್ದು ನೋಡಿ ಚೀರೂದ ಒಂದು ಬಾಕಿ. ಎಬ್ಬಸು ಆಕಿನ್ನ.”

“ಎಬ್ಬಸಬ್ಯಾಡ್ರಿ” ಎಂದ ಗುಲಾಬಸಾಬ. “ಹೋದ ಚಳಿಗಾಲದಿಂದ ಮಲಗಿಲ್ರಿ ಆಕಿ. ನಾ ಹೇಳತೇನಿ.”

ಅವನು ಹೇಳಿದ. ಹೆಚ್ಚು ಮಾತಿಲ್ಲದೆ, ಗಾದಿಯ ಅಳತೆ ಹೇಳುವ ದನಿಯಲ್ಲೇ. ಮಗಳ ಜ್ವರ, ಈ ಮರ, ಆ ಖಬರಸ್ತಾನ, ಚಿಕ್ಕ ಗಾದಿ, ಕೆಲಗೇರಿಯ ತೊಲೆ. ಹಾಜರಾಬಿ ಕಣ್ಣು ಮುಚ್ಚಿ ಕೇಳಿದಳು. ಮಗಳ ಸಾವನ್ನು ಗಂಡ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸುಳ್ಳೊಂದು ಹೇಳಿದ್ದರೆ ಆಗುತ್ತಿತ್ತು. ದಬ್ಬಣ ಉಳಿದಿತ್ತು, ತೆಗೆಯುತ್ತಿದ್ದಳು ಎಂದಿದ್ದರೆ ಆಗುತ್ತಿತ್ತು. ಅವನು ಅನ್ನಲಿಲ್ಲ.

“ನೀನು” ಎಂದ ಫಕ್ರುಸಾಬ ಕಡೆಗೆ. “ಮಂದಿ ಮನ್ಯಾಗ ಕೇಳಿ ಕೇಳಿ ಹೊಲಿಗಿ ಬಿಚ್ಚಾವ ನೀನು. ಆ ಮಾತಿನ ಮ್ಯಾಲೆ ನಾವು ನಿನ್ನ ಕರೀತಿದ್ವಿ. ನನ್ನ ಮೊಮ್ಮಗಳ ಕೆಳಗ ಇಟ್ಟೆಲ್ಲೋ.”

“ಹೌದ್ರಿ.”

“ಹೌದ್ರಿ ಅಂತಾನ ನೋಡು.”

ಹಾಜರಾಬಿ ಎದ್ದು ಕುಳಿತಳು. ಕೈ ಹೊರಗೆ ತೆಗೆದಾಗ ಮುಂಗೈಗೆ ಹತ್ತಿಯ ಎಳೆಗಳು ಅಂಟಿದ್ದವು. ಮಾಬೂಬಿ ಹುಣಸೆಯ ಬೇರಿನ ಮೇಲೆ ಕೂಸನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಕುಳಿತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಚಕ್ಕಡಿಯ ಒಳಗೆ, ಗಾದಿಯತ್ತ ನೋಡುತ್ತಿದ್ದಳು, ಅದು ಈಗ ಎದ್ದು ಕೂತೀತು ಎನ್ನುವ ಹಾಗೆ.

“ತೊಲಿ ನೋಡಿ ನಗತಿದ್ಲಲ್ಲ ಅಬ್ಬಾ” ಎಂದಳು ತಂದೆಗೆ, ಮೆಲ್ಲಗೆ. “ನಾ ಒಬ್ಬಾಕಿನ ನೋಡಿದ್ದು ಅದನ್ನ. ಮಧ್ಯಾಹ್ನದಾಗ ಒಂದೊಂದ ಸರತಿ ನನ್ನ ಬೆನ್ನ ಹಿಂದ ಯಾರರ ಸರದಂಗ ಆಗತಿತ್ತು. ಕೂಸು ಮುಂದ ಇರತಿತ್ತು.”

“ಸುಮ್ನಿರು.”

“ನನಗ ಆ ಗಾದಿ ಬ್ಯಾಡ.”

ಗುಲಾಬಸಾಬ ಹೊಸ ಗಾದಿ ಮಾಡಿ ತಡಸಕ್ಕೆ ತಂದು ಕೊಡುವೆನೆಂದ. ನಿನ್ನ ಕೈಯದು ಬೇಡ ಎಂದ ಫಕ್ರುಸಾಬ. ಕೆಲಗೇರಿಯಲ್ಲಿ ಇನ್ನು ಯಾರ ಕಟ್ಟೆಯ ಮೇಲೂ ನೀನು ಕೂಡ್ರಬೇಡ ಎಂದ. ಹೇಳುವಾಗ ಅವನಿಗೇ ದುಃಖವಾದಂತಿತ್ತು. ಶಾಂತಯ್ಯ ತನ್ನ ಮೆಣಸಿನಕಾಯಿ ಚೀಲಗಳನ್ನು ಒತ್ತಿ ಸರಿಸಿ ತಾಯಿ ಕೂಸಿಗೆ ಜಾಗ ಮಾಡಿಕೊಟ್ಟ. ಅವನ ದಾರಿಯೂ ಅತ್ತಲೇ. ಹತ್ತುವ ಮುಂಚೆ ಮಾಬೂಬಿ ಎರಡು ಹೆಜ್ಜೆ ಹಿಂದೆ ಬಂದು, ದೂರದಲ್ಲೇ ನಿಂತು ಕೇಳಿದಳು.

“ಹೆಸರೇನ ಇತ್ತು ಚಾಚಿ?”

“ನೂರಜಹಾನ.”

ಮಾಬೂಬಿ ತಲೆ ಆಡಿಸಿದಳು. ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಹೋದಳು.

ಮಾತು ಅವರಿಗಿಂತ ಮುಂಚೆ ಧಾರವಾಡ ಸೇರಿತು. ಕೆಲಗೇರಿ ಮುಚ್ಚಿತು, ನವಲೂರು ಮುಚ್ಚಿತು. ಕಟ್ಟೆಯ ಮೇಲೆ ಕುಳಿತವರು ಚಕ್ಕಡಿ ಕಂಡು ಒಳಗೆ ಎದ್ದುಹೋದರು. ಗುಲಾಬಸಾಬ ಎತ್ತುಗಳನ್ನು ಕಲಘಟಗಿಯ ದಾರಿಗೆ ತಿರುಗಿಸಿದ. ಹೊಸ ಊರು, ಹೊಸ ಮಂದಿ, ಗಾದಿಗಿಂತ ಕಂಬಳಿಯೇ ಹೆಚ್ಚು. ಅಲ್ಲಿಯೂ ಅವನು ಹೊಲಿಗೆ ಬಿಚ್ಚುವ ಮುಂಚೆ ಬಾಯಿ ತೆರೆಯುತ್ತಿದ್ದ, ಕೇಳದೆ ಮುಚ್ಚುತ್ತಿದ್ದ. ಆಗ ಹಾಜರಾಬಿ ಬದಿಯಿಂದ ಆ ಮಾತನ್ನು ತಾನೇ ಕೇಳುತ್ತಿದ್ದಳು.

ಆ ದಾರಿಯ ಮೊದಲ ವಸ್ತಿಯಲ್ಲಿ, ಒಂದು ಒಣ ಹಳ್ಳದ ದಂಡೆಯ ಮೇಲೆ, ಅವಳು ನೀಲಿ ಪಟ್ಟೆಯ ಗಾದಿಯನ್ನು ಹಾಸಿದಳು. ಗುಲಾಬಸಾಬ ಎತ್ತು ಕಟ್ಟಿ ಬಂದು ನಿಂತು ನೋಡಿದ.

“ಮನ್ಯಾಗ ಇದ್ಲು” ಎಂದ. “ಮತ್ತ ಬಯಲಿಗೆ ಕರಕೊಂಡು ಬಂದಿ.”

ನಿಜವಾಗಿಯೂ ಹಾಗೆಯೇ ಆಗಿತ್ತು. ತನ್ನ ನಿದ್ದೆಗಾಗಿ ಮಗಳನ್ನು ಸೂರಿನ ಕೆಳಗಿಂದ ಎಬ್ಬಿಸಿ ತಂದಿದ್ದಳು.

“ಬರ್ರಿ, ಮಲಗ್ರಿ” ಎಂದಳು.

“ನೀ ಮಲಗು. ನಾ ಕೆಳಗ ಮಲಗತೇನಿ” ಎಂದು ಅವನು ಹಳೇ ಹಾಸಿಗೆ ಬಿಚ್ಚಿಕೊಂಡು ಚಕ್ಕಡಿಯ ಕೆಳಗೆ ಸರಿದ. ಅವನು ನಿದ್ದೆ ಮಾಡಲಿಲ್ಲವೆಂಬುದು ಮರದ ಹಲಗೆಯ ಮೂಲಕವೇ ಅವಳಿಗೆ ತಿಳಿಯುತ್ತಿತ್ತು.

ಗಾದಿ ಅಗಲವಾಗಿತ್ತು. ಚಕ್ಕಡಿಗೆ ಹಿಡಿಸದೆ ಮಿಕ್ಕ ಒಂದು ಬದಿ ತಟ್ಟಿಗೆ ಒರಗಿ ಉಬ್ಬಿ ನಿಂತಿತ್ತು, ಆಚೆ ಮುಖ ಮಾಡಿ ಮಲಗಿದ ಸಣ್ಣ ಬೆನ್ನಿನಂತೆ. ಹಾಜರಾಬಿ ಅದನ್ನು ಒತ್ತಿ ಸಮ ಮಾಡಲು ಕೈ ಚಾಚಿದಳು. ಒತ್ತಲಿಲ್ಲ. ಅದರ ಮೇಲೆ ಕೈ ಹಾಕಿಕೊಂಡು, ಈಚೆಯ ಅಂಚಿಗೆ ಸರಿದು, ಅದಕ್ಕೆ ಜಾಗ ಬಿಟ್ಟು ಮಲಗಿದಳು.